ಕುದಿಸಪ್ಪನ ಜೀರಿಗೆ ನೀರು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಲೋಟ ನೀರು. ಅದೂ ಯಾರೂ ಇನ್ನೂ ಕುಡಿಯದ ನೀರು.

ಬೆಳಗ್ಗೆ ಫಿಟ್ಟರ್ ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತ, ಏಳಲೋ ಬೇಡವೋ ಎಂದು ತನ್ನಷ್ಟಕ್ಕೆ ಚರ್ಚೆ ಮಾಡಿಕೊಳ್ಳುತ್ತಿದ್ದಾಗ ಫೋನು ಬಡಿದುಕೊಂಡಿತು. ಆ ಕಡೆ ದೊಡ್ಡ ಸಾಹೇಬರು. ಆ ಪರದೇಶದ ಊರಿಗೆಲ್ಲ ಕುಡಿಯುವ ನೀರು ಕೊಡುವ ವಾಟರ್ ವರ್ಕ್ಸಿಗೆ ಅವರೇ ಯಜಮಾನರು. ನಮ್ಮ ಫಿಟ್ಟರ್ ಅಲ್ಲಿ ಪೈಪು, ವಾಲ್ವು ನೋಡಿಕೊಳ್ಳುವವನು. ಸಾಹೇಬರು ಮಾತಾಡಿದ್ದು ಆ ದೇಶದ ಭಾಷೆಯಲ್ಲೇ. ಅದನ್ನೆಲ್ಲ ನಮ್ಮ ಮಾತಿಗೆ ಇಳಿಸಿ ಹೇಳುತ್ತೇನೆ. ಇಲ್ಲದಿದ್ದರೆ ನನಗೂ ಕಷ್ಟ, ನಿಮಗೂ ಕಷ್ಟ.

"ಇವತ್ತು ನಮ್ಮಲ್ಲಿಗೆ ಜನ ಬರ್ತಾರೆ, ನೆನಪಿದೆಯಲ್ಲ?" ಎಂದರು ಸಾಹೇಬರು. "ವರ್ಷಕ್ಕೊಂದು ಸಲ ಗೇಟು ತೆಗೆದು ಊರವರಿಗೆಲ್ಲ ತೋರಿಸ್ತೀವಿ. ಕೊನೇಲಿ ಒಬ್ಬರು ಎಲ್ಲರೆದುರು ನಿಂತು ನಮ್ಮ ನಲ್ಲಿ ನೀರು ಕುಡೀಬೇಕು. ಪ್ರತಿ ಸಲ ನಾನೇ ಕುಡೀತಿದ್ದೆ. ಈ ಸಲ ನೀನು."

"ನಾ... ನಾನಾ ಸಾರ್?"

"ನೀನೇ ಕಣಯ್ಯಾ. ಸೇರಿದಾಗಿಂದ ಒಂದೇ ಒಂದು ದಿನ ಕಾಯಿಲೆ ಅಂತ ರಜೆ ಹಾಕಿಲ್ಲ. ಹೊರಗಿಂದ ಬಂದವನು ನಮ್ಮ ನೀರು ಕುಡಿದು ಹಿಂಗೆ ಗುಂಡಗೆ ಕೆಂಪಗೆ ಇದ್ದಾನೆ ಅಂದ್ರೆ ಅದಕ್ಕಿಂತ ಸಾಕ್ಷಿ ಬೇಕಾ? ಅಂದಹಾಗೆ, ಪಂಪ್‌ಹೌಸ್ ಪಕ್ಕದ ಮನೆ ಖಾಲಿ ಆಯ್ತಲ್ಲ, ಅದರ ಬೀಗದ ಕೈ ನನ್ನ ಜೇಬಲ್ಲೇ ಇರುತ್ತೆ. ನೀನು ಲೋಟ ಕೆಳಗಿಟ್ಟ ತಕ್ಷಣ ನಿನ್ನ ಕೈಗೆ. ಹೆಂಡತಿ, ಮಗಳನ್ನ ಕರೆಸ್ಕೊ."

ಫೋನು ಇಟ್ಟ ಮೇಲೆ ಫಿಟ್ಟರ್ ಹಾಸಿಗೆಯಿಂದ ಜಿಗಿದೇ ಇಳಿದ. ಆ ಮನೆಗಾಗಿ ಅವನು ಪಟ್ಟ ಆಸೆ ಅಷ್ಟಿಷ್ಟಲ್ಲ. ಸಂಸಾರಕ್ಕೆ ತಕ್ಕ ಮನೆ ಇಲ್ಲದವರು ಹೆಂಡತಿ ಮಕ್ಕಳನ್ನು ಕರೆಸುವಂತಿಲ್ಲ ಎಂಬುದು ಅಲ್ಲಿಯ ಕಾನೂನು. ದಿನಾ ಊಟದ ಬಿಡುವಿನಲ್ಲಿ ಆ ಮನೆಯ ಕಿಟಕಿಗೆ ಹಣೆ ಆನಿಸಿ ನಿಂತು, ಮಗಳ ಮಂಚ ಎಲ್ಲಿ, ಹೆಂಡತಿಯ ಹೊಲಿಗೆ ಮಿಷನ್ ಎಲ್ಲಿ ಎಂದು ಮನಸ್ಸಿನಲ್ಲೇ ಸಾಮಾನು ಜೋಡಿಸಿ ಮುಗಿಸಿದ್ದ. ಇನ್ನೇನು ಕುಣಿಯಬೇಕು ಅನ್ನುವಾಗ ಆ ಲೋಟ ನೆನಪಾಯಿತು. ಮತ್ತೆ ಮಂಚದ ಮೇಲೆ ಕುಸಿದ.

ಯಾಕೆಂದರೆ, ವಾಟರ್ ವರ್ಕ್ಸಿನ ಈ ಫಿಟ್ಟರ್ ಆ ಊರಿನ ನಲ್ಲಿ ನೀರನ್ನು ಒಂದು ಹನಿಯೂ ಕುಡಿದವನಲ್ಲ. ಕುಡಿಯುವುದೇನು ಬಂತು, ಬಾಯಿ ಮುಕ್ಕಳಿಸಿದವನೂ ಅಲ್ಲ. ಕುದಿಸಿ ಆರಿಸಿದ, ಜೀರಿಗೆ ಹಾಕಿದ ಹಳದಿ ನೀರು ಬಿಟ್ಟರೆ ಬೇರೆಯದು ಅವನ ಗಂಟಲಿಗೆ ಇಳಿಯುತ್ತಿರಲಿಲ್ಲ. ಸ್ನಾನ ಮಾಡುವಾಗ ಹೊಳೆಗೆ ಬಿದ್ದವನ ಹಾಗೆ ಬಾಯಿ ಬಿಗಿ ಹಿಡಿದುಕೊಂಡಿರುತ್ತಿದ್ದ. ಕೆಲಸದ ಜಾಗದಲ್ಲೂ ಅಷ್ಟೇ. ಯಾವ ತೊಟ್ಟಿಯಲ್ಲಿ ನೀರು ಹೇಗೆ ತಿಳಿಯಾಗುತ್ತದೆ, ಎಲ್ಲಿ ಔಷಧಿ ಬೆರೆಸುತ್ತಾರೆ ಎಲ್ಲವೂ ಅವನಿಗೆ ಗೊತ್ತು. "ಕನ್ನಡಿ ಇದ್ದ ಹಾಗಿದೆ ನೋಡಿ ನೀರು" ಎಂದು ಬಂದವರಿಗೆ ಹೆಮ್ಮೆಯಿಂದ ತೋರಿಸುತ್ತಿದ್ದವನು, ಆಮೇಲೆ ಪಂಪಿನ ಹಿಂದೆ ಹೋಗಿ ತನ್ನ ಫ್ಲಾಸ್ಕಿನಿಂದ ಗುಟುಕರಿಸುತ್ತಿದ್ದ. ಒಟ್ಟಿಗಿರುವ ನಮ್ಮ ಭಾಷೆಯ ಜನ ಸೇರಿ ಅವನಿಗೆ ಕುದಿಸಪ್ಪ ಎಂದೇ ಹೆಸರಿಟ್ಟಿದ್ದರು. ಇನ್ನು ನಾವೂ ಹಾಗೇ ಕರೆಯೋಣ.

ಪಾಪ, ಅವನನ್ನೂ ಪೂರ್ತಿ ಆಡಿಕೊಳ್ಳುವ ಹಾಗಿಲ್ಲ. ಚಿಕ್ಕವನಿದ್ದಾಗ ಕಾಲುವೆ ನೀರು ಕುಡಿದು, ಕಾಮಾಲೆ ಹಿಡಿದು, ಕಣ್ಣೆಲ್ಲ ಅರಿಸಿನವಾಗಿ, ಬದುಕಿದ್ದೇ ಹೆಚ್ಚು ಅನ್ನುವ ಹಾಗಾಗಿತ್ತು. ಅವತ್ತಿನಿಂದ ಮದುವೆಯಾಗುವವರೆಗೂ, ಈಗ ತೀರಿಕೊಂಡಿರುವ ಅವನ ತಾಯಿ ಕುದಿಸಿದ ಜೀರಿಗೆ ನೀರನ್ನೇ ಕೊಟ್ಟರು. ಆಮೇಲೆ ಹೆಂಡತಿ ಕೊಟ್ಟಳು. ಈಗ ಪರದೇಶದಲ್ಲಿ ಜೊತೆಗಾರ ದರ್ಜಿ ಕೊಡುತ್ತಿದ್ದ.

ದರ್ಜಿ ಒಂದು ಹೋಟೆಲಿನಲ್ಲಿ ಕೆಲಸದವರ ಸಮವಸ್ತ್ರ ಹೊಲಿಯುವವನು. ಕುದಿಸಪ್ಪನ ಹೆಂಡತಿಯ ಊರಿನವನೇ ಆದ್ದರಿಂದ ಇವನನ್ನು 'ಅಣ್ಣ', ಅವಳನ್ನು 'ಅಕ್ಕ' ಎಂದು ಕರೆಯುತ್ತಿದ್ದ. ಒಂದೇ ಕೋಣೆಯ ಮನೆಯಲ್ಲಿ ಇಬ್ಬರ ವಾಸ. ಅಡುಗೆ ಮತ್ತು ನೀರು ದರ್ಜಿಯದು, ಪಾತ್ರೆ ಮತ್ತು ಕಸ ಕುದಿಸಪ್ಪನದು. ಅಡುಗೆಗೂ ಊರಿನಿಂದ ತಂದ ಅಕ್ಕಿಯೇ ಆಗಬೇಕು. ಮಂಚದ ಕೆಳಗೆ ಆ ಚೀಲ ಇತ್ತು. ಕುದಿಸಪ್ಪ ಬಂದಿಳಿದಾಗಿನಿಂದ ಅದೊಂದೇ ಚೀಲ ನಡೆಯುತ್ತಿತ್ತು. "ನಮ್ಮೂರಿನ ಅಕ್ಕಿ ಅಂದ್ರೆ ಏನಂದ್ಕೊಂಡೆ, ಅಕ್ಷಯ ಪಾತ್ರೆ" ಎಂದು ಅವನು ಆಗಾಗ ಹೊಗಳಿಕೊಳ್ಳುವುದಿತ್ತು. ಆಗೆಲ್ಲ ದರ್ಜಿ ಸೂಜಿಗೆ ದಾರ ಪೋಣಿಸುವುದರಲ್ಲಿ ಬಹಳ ಮಗ್ನನಾಗಿರುತ್ತಿದ್ದ.

"ಲೋ, ನನ್ನ ಕತೆ ಮುಗೀತು ಕಣೋ," ಎಂದ ಕುದಿಸಪ್ಪ. "ಕುಡಿದ್ರೆ ಹೊಟ್ಟೆ ಹೋಗುತ್ತೆ, ಕುಡೀದಿದ್ರೆ ಮನೆ ಹೋಗುತ್ತೆ."

ವಿಷಯವೆಲ್ಲ ಕೇಳಿದ ದರ್ಜಿ ಒಂದು ಸಲ ಬಾಯಿ ತೆರೆದ, ಮುಚ್ಚಿದ. "ಅಣ್ಣಾ, ಕುಡಿದುಬಿಡು. ಏನೂ ಆಗಲ್ಲ. ನಾನು ಹೇಳ್ತೀನಲ್ಲ."

"ನೀನು ಹೇಳಿದ್ರೆ ಕ್ರಿಮಿ ಕೇಳ್ತಾವಾ?"

"ಅಲ್ಲಣ್ಣಾ, ಒಂದು ಮಾತು ಹೇಳ್ಬೇಕಿತ್ತು. ತುಂಬಾ ದಿನದಿಂದ..."

"ಆಮೇಲೆ ಹೇಳು ಮಾರಾಯ. ಇಲ್ಲಿ ಪ್ರಾಣ ಹೋಗ್ತಾ ಇದೆ."

ಅಷ್ಟರಲ್ಲಿ ಬಾಗಿಲು ತಟ್ಟದೆಯೇ ನರ್ಸಕ್ಕ ಒಳಗೆ ಬಂದರು. ಮೇಲಿನ ಮನೆಯವರು. ಆಸ್ಪತ್ರೆಯಲ್ಲಿ ಕೆಲಸ ಮುಗಿಸಿ ಬಂದ ಮೇಲೂ ರೋಗಿಗಳನ್ನು ಬಿಟ್ಟಿರಲಾರದ ಜೀವ. ಕಟ್ಟಡದಲ್ಲಿ ಯಾರು ಸೀನಿದರೂ ಅವರಿಗೆ ಕೇಳಿಸುತ್ತಿತ್ತು. ಬಂದವರೇ ಕುದಿಸಪ್ಪನ ಮಣಿಕಟ್ಟು ಹಿಡಿದು ನಾಡಿ ನೋಡಿದರು.

"ಏನಪ್ಪಾ ಇದು, ಎದೆ ಡವಗುಟ್ಟುತ್ತಾ ಇದೆ! ಏನಾಯ್ತು?"

ಏನಾಯಿತೆಂದು ಕೇಳಿದ ಮೇಲೆ ಅವರು ಸೊಂಟಕ್ಕೆ ಕೈ ಇಟ್ಟುಕೊಂಡರು. "ಇಷ್ಟೇನಾ? ನಾನು ಇಲ್ಲಿಗೆ ಬಂದ ದಿನದಿಂದ ನಲ್ಲಿ ನೀರೇ ಕುಡೀತಿದೀನಿ. ಇಲ್ಲಿನ ತರಕಾರಿ, ಇಲ್ಲಿನ ಹಣ್ಣು, ಇಲ್ಲಿನ ಹಾಲು. ಎಲ್ಲಿರ್ತೀವೋ ಅಲ್ಲಿನ ಅನ್ನ ನೀರು ಮೈಗೆ ಒಗ್ಗಿಸ್ಕೋಬೇಕಪ್ಪಾ. ಕಲ್ಲಿನ ಹಾಗಿದೀನಿ ನೋಡು." ನೋಡಲು ಹಾಗೇ ಇದ್ದರು ಕೂಡ. "ಆದ್ರೂ ನಿಂಗೆ ಭಯ ಅಂದ್ರೆ ಹೊಟ್ಟೆಗೆ ಮೊದಲು ಬಾಳೆಹಣ್ಣು ಹಾಕು. ನೀರು ಬಂದ್ರೂ ಮೆತ್ತಗೆ ಕೂರುತ್ತೆ."

ಇದು ವೈದ್ಯಕೀಯದಲ್ಲಿ ಎಲ್ಲಿದೆಯೋ ನನಗೆ ಗೊತ್ತಿಲ್ಲ. ಆದರೆ ನರ್ಸಕ್ಕನ ಎದುರು ಪ್ರಶ್ನೆ ಕೇಳುವ ಪದ್ಧತಿ ಆ ಕಟ್ಟಡದಲ್ಲಿ ಇರಲಿಲ್ಲ. ಮೇಲಿಂದ ಒಂದು ಚಿಪ್ಪು ಬಾಳೆಹಣ್ಣು ಇಳಿದು ಬಂತು. ಒಂದು ತಿಂದರೆ "ಇನ್ನೊಂದು", ಅದು ಮುಗಿದರೆ "ಇದೊಂದು". ಚಿಪ್ಪು ಬರಿದಾಗುವಾಗ ಕುದಿಸಪ್ಪನಿಗೆ ಉಸಿರಾಡಲೂ ಜಾಗ ಉಳಿದಿರಲಿಲ್ಲ. ಆದರೂ ತೇಗಿನ ಜೊತೆಗೆ ಒಂದು ಉಪಾಯ ಹೊಳೆಯಿತು.

"ಲೋ, ನನ್ನ ಕೋಟಿಗೆ ಒಳಗಡೆ ಒಂದು ಜೇಬು ಹೊಲಿದುಕೊಡೋ. ನಮ್ಮ ಚಪ್ಪಟೆ ಬಾಟಲಿ ಹಿಡಿಯೋ ಹಂಗೆ. ನಮ್ಮ ನೀರನ್ನೇ ತಗೊಂಡು ಹೋಗ್ತೀನಿ. ಮರೆಗೆ ಹೋಗಿ ಆ ಲೋಟ ಚೆಲ್ಲಿ ಇದನ್ನ ತುಂಬಿಸ್ಕೊಂಡು ಬಂದ್ರೆ ಯಾವನಿಗೆ ಗೊತ್ತಾಗುತ್ತೆ?"

ದರ್ಜಿಯ ಮುಖ ಅರಳಿತು. ಅವನಿಗೆ ಏನು ಹೇಳಲಿಕ್ಕಿತ್ತೋ ಅದನ್ನು ಹೇಳದೆಯೇ ಬಚಾವಾಗುವ ದಾರಿ ಕಂಡಿತ್ತು. ಕೂಡಲೇ ಕೋಟು ತಿರುವಿ ಹಾಕಿಕೊಂಡು ಕೂತ.

"ಮತ್ತೆ ಜೀರಿಗೆ ಹಾಕ್ಬೇಡ ಇವತ್ತು. ಬಣ್ಣ ಬರುತ್ತೆ. ಬರೀ ಕುದಿಸಿದ ನೀರು," ಎನ್ನುತ್ತ ಕುದಿಸಪ್ಪ ಸ್ನಾನಕ್ಕೆ ಹೋದ. ಬಾಯಲ್ಲಿ ಸೂಜಿ ಕಚ್ಚಿಕೊಂಡಿದ್ದ ದರ್ಜಿ "ಹ್ಞೂಂ" ಎಂದ. ಬಾಳೆಹಣ್ಣಿನ ಸಿಪ್ಪೆ ಎಸೆಯಲು ಹೊರಗೆ ಹೋಗಿದ್ದ ನರ್ಸಕ್ಕನಿಗೆ ಮಾತ್ರ ಇದು ಕೇಳಿಸಲಿಲ್ಲ. ವಾಪಸು ಬಂದವರು, ಖಾಲಿ ಬಾಟಲಿ ಕಂಡು, ಹೊಲಿಗೆಯಲ್ಲಿ ಮುಳುಗಿದ್ದ ದರ್ಜಿಗೆ ತೊಂದರೆ ಯಾಕೆ ಎಂದುಕೊಂಡು, ಅಡುಗೆಮನೆಯಲ್ಲಿ ದಿನದ ಕುಡಿಯುವ ನೀರು ತುಂಬಿಡುವ ಸ್ಟೀಲ್ ಕ್ಯಾನಿನಿಂದ ತಾವೇ ತುಂಬಿಸಿ, ಮುಚ್ಚಳ ಬಿಗಿದು, ಕೋಟಿನ ಪಕ್ಕ ಇಟ್ಟರು. ಬಾಟಲಿ ದಟ್ಟ ನೀಲಿಯದು. ಒಳಗೇನಿದೆ ಎಂದು ಹೊರಗಿನವರಿಗೆ ಕಾಣುವಂತಿರಲಿಲ್ಲ. ದರ್ಜಿ ನೋಡಿದಾಗ ಅಣ್ಣನೇ ತುಂಬಿಸಿದ್ದಾನೆ ಎಂದುಕೊಂಡ. ಅಣ್ಣ ನೋಡಿದಾಗ ದರ್ಜಿ ತುಂಬಿಸಿದ್ದಾನೆ ಎಂದುಕೊಂಡ.

ಬಸ್ಸಿನಲ್ಲಿ ಕೂರಲು ಜಾಗವಿರಲಿಲ್ಲ. ಒಳಗೆ ಬಾಳೆಹಣ್ಣು, ಹೊರಗೆ ಬಾಟಲಿ. ಬಸ್ಸು ಕುಲುಕಿದಾಗಲೆಲ್ಲ ಎರಡೂ ಕುಲುಕುತ್ತಿದ್ದವು. ಕುದಿಸಪ್ಪ ಎರಡು ಕೈಯಲ್ಲೂ ಹೊಟ್ಟೆ ಹಿಡಿದುಕೊಂಡು ನಿಂತ. ಎದುರಿಗೆ ಕೊಡೆ ಊರಿಕೊಂಡು ಕೂತಿದ್ದ ಒಬ್ಬ ಅಜ್ಜಿ ಅವನನ್ನೇ ನೋಡಿದರು, ಮರುಗಿದರು, ಎದ್ದು ನಿಂತರು.

"ಕೂತ್ಕೊಳ್ಳಪ್ಪಾ. ಹೊಟ್ಟೆ ನೋವಾ?"

"ಇಲ್ಲಜ್ಜಿ, ಪರವಾಗಿಲ್ಲ."

"ಪರವಾಗಿಲ್ಲ ಅನ್ನೋ ಮುಖ ಅಲ್ಲ ಅದು. ಕೂತ್ಕೋ ಸುಮ್ನೆ," ಎಂದು ಕೊಡೆಯ ಹಿಡಿಕೆಯಿಂದ ಭುಜ ಒತ್ತಿ ಕೂರಿಸಿಯೇ ಬಿಟ್ಟರು. ಬೇರೆ ದೇಶದವನು ಎಂಬ ಭೇದ ಇಲ್ಲದೆ ತನ್ನ ಹೊಟ್ಟೆಗಾಗಿ ಮರುಗಿದ ಆ ಅಜ್ಜಿಯನ್ನು ಕಂಡು ಕುದಿಸಪ್ಪನ ಕಣ್ಣು ಒದ್ದೆಯಾಯಿತು. ಅವರೂ ವಾಟರ್ ವರ್ಕ್ಸ್ ನೋಡಲೆಂದೇ ಹೊರಟವರು ಎಂದು ಆಗ ತಿಳಿದಿದ್ದರೆ ಇನ್ನೂ ಹೆಚ್ಚು ಒದ್ದೆಯಾಗುತ್ತಿತ್ತು.

ಪಂಪ್‌ಹೌಸಿನ ಎದುರಿನ ಹುಲ್ಲಿನ ಮೇಲೆ ಜನವೋ ಜನ. ಮೇಜಿನ ಮೇಲೆ ಬಂದವರಿಗೆಲ್ಲ ಕೊಡಲು ಸಾಲು ಸಾಲು ಲೋಟಗಳು. ದೊಡ್ಡ ಸಾಹೇಬರು ಟೈ ಕಟ್ಟಿಕೊಂಡು, ಮದುವೆ ಮನೆಯ ಹೆಣ್ಣಿನ ತಂದೆಯಂತೆ ಓಡಾಡುತ್ತಿದ್ದರು. ಮಧ್ಯೆ ಮಧ್ಯೆ ಜೇಬು ತಟ್ಟಿ ಕುದಿಸಪ್ಪನ ಕಡೆ ನೋಡಿ ಕಣ್ಣು ಮಿಟುಕಿಸುವರು. ತಟ್ಟಿದಾಗಲೆಲ್ಲ ಬೀಗದ ಕೈ ಕಿಣಿಕಿಣಿ ಅನ್ನುತ್ತಿತ್ತು.

ಸಾಹೇಬರು ಮಾತು ಶುರು ಮಾಡಿದರು. ನದಿಯಿಂದ ಹಿಡಿದು ನಲ್ಲಿಯವರೆಗೆ ಎಲ್ಲ ಹೇಳಿ, ಕಡೆಗೆ, "ಇವರನ್ನ ನೋಡಿ! ದೂರದ ದೇಶದಿಂದ ಬಂದಾಗ ಇವರು ಕಡ್ಡಿ ಹಾಗಿದ್ರು. ನಮ್ಮ ನೀರು ಕುಡಿದ್ರು. ಈಗ ನೋಡಿ!" ಎಂದರು. ಜನ ನೋಡಿದರು. ಕುದಿಸಪ್ಪ ಸಾಧ್ಯವಾದಷ್ಟು ದುಂಡಗೆ ನಿಂತ. ಅವನ ಕೈಗೆ ತಿಳಿನೀರಿನ ಲೋಟ ಬಂತು.

"ಒಂದೇ ನಿಮಿಷ ಸಾರ್. ಕೈ ತೊಳೆದು ಬರ್ತೀನಿ. ಇಂಥ ನೀರು ಮುಟ್ಟೋಕೆ ಕೈ ಶುದ್ಧ ಇರ್ಬೇಕು," ಎಂದು ಲೋಟ ಸಮೇತ ಪಂಪ್‌ಹೌಸಿನ ಹಿಂದಕ್ಕೆ ಓಡಿದ. ಎಂಥ ವಿನಯ ಎಂದು ಜನ ತಲೆದೂಗಿದರು.

ಹಿಂದೆ ಒಂದು ಹೂವಿನ ಕುಂಡ ಇತ್ತು. ಲೋಟ ಅದಕ್ಕೆ ಬರಿದಾಯಿತು. ಕೋಟಿನೊಳಗಿಂದ ಬಾಟಲಿ ತೆಗೆದು, ಮೂಲೆಯ ನೆರಳಿನಲ್ಲಿ ಸುರಿದುಕೊಂಡ. ಮೂಗಿಗೆ ಪರಿಮಳ ಬಡಿಯಿತು. ಬಹಳ ಪರಿಚಯದ ಪರಿಮಳ. ಬೆಳಕಿಗೆ ಹಿಡಿದು ನೋಡಿದರೆ, ಲೋಟದ ತುಂಬ ಹಳದಿ ಹಳದಿ ಜೀರಿಗೆ ನೀರು.

"ಅಯ್ಯೋ ಹಾಳಾದವನೇ," ಎಂದು ಇಲ್ಲದ ದರ್ಜಿಯನ್ನು ಬೈದು, ಹತ್ತಿರ ನಲ್ಲಿಯೇನಾದರೂ ಇದೆಯಾ ಎಂದು ಜೀವಮಾನದಲ್ಲಿ ಮೊದಲ ಸಲ ನಲ್ಲಿ ಹುಡುಕಿದ. ಅಷ್ಟರಲ್ಲಿ ಸಾಹೇಬರೇ ಬಂದು ಹೆಗಲ ಮೇಲೆ ಕೈ ಹಾಕಿ ಎಳೆದುಕೊಂಡೇ ಹೋದರು. ಕುದಿಸಪ್ಪ ಅಂಗೈಯಿಂದ ಲೋಟವನ್ನು ಮುಚ್ಚಿ, ಎದೆಗೆ ಒತ್ತಿ ಹಿಡಿದು, ಹಕ್ಕಿಮರಿ ಕಾಪಾಡುವವನ ಹಾಗೆ ನಡೆದ.

"ಎತ್ತಿ ಹಿಡಿ! ಎಲ್ಲರಿಗೂ ಕಾಣ್ಲಿ!" ಎಂದ ಸಾಹೇಬರು ಅವನ ಕೈಯನ್ನು ತಾವೇ ಮೇಲೆತ್ತಿದರು.

ಬಿಸಿಲು ಲೋಟದೊಳಗಿಂದ ಹಾದುಬಂತು. ಸಾಹೇಬರ ಬಿಳಿ ಅಂಗಿಯ ಮೇಲೆ ಒಂದು ಹಳದಿ ಚುಕ್ಕೆ ಬಿತ್ತು. ಜನ ಒಮ್ಮೆಗೇ ಉಸಿರು ಎಳೆದುಕೊಂಡರು. ಆಗಲೇ ಲೋಟ ಬಾಯಿಗಿಟ್ಟವರು ಉಗಿದರು. ಮೇಜಿನ ಮೇಲೆ ಲೋಟಗಳು ಟಪಟಪ ಕೂತವು.

"ನಾನು ಹೇಳಿಲ್ವಾ!" ಎಂದು ಹಿಂದಿನಿಂದ ಒಂದು ಗಟ್ಟಿ ದನಿ ಬಂತು. ಕೊಡೆಯ ಅಜ್ಜಿ. "ಬೆಳಗ್ಗೆ ಬಸ್ಸಲ್ಲಿ ಈ ಹುಡುಗ ಹೊಟ್ಟೆ ಹಿಡ್ಕೊಂಡು ನರಳ್ತಿದ್ದ! ನಾನೇ ಜಾಗ ಕೊಟ್ಟೆ! ಪಾಪ, ದಿನಾ ಇದನ್ನೇ ಕುಡಿಸ್ತಿದಾರೆ ಇವನಿಗೆ!"

ಗದ್ದಲ ಎದ್ದಿತು. ಒಬ್ಬರು ಮನೆಗೆ ಫೋನು ಮಾಡಿ ನಲ್ಲಿ ತಿರುಗಿಸಬೇಡಿ ಎಂದರು. ಇನ್ನೊಬ್ಬರಿಗೆ ಇದ್ದಕ್ಕಿದ್ದ ಹಾಗೆ ಹೊಟ್ಟೆ ನೋವೇ ಬಂತು. ಸಾಹೇಬರ ಮುಖ ಲೋಟದ ಬಣ್ಣಕ್ಕೇ ತಿರುಗಿತು. ಆ ಮನುಷ್ಯ ಆಯಸ್ಸೆಲ್ಲ ಈ ನೀರಿನ ಹಿಂದೆಯೇ ಸವೆಸಿದವರು. ಅವರ ತುಟಿ ಅದುರುವುದನ್ನು ನೋಡಿದ ಕುದಿಸಪ್ಪನಿಗೆ ತಡೆಯಲಾಗಲಿಲ್ಲ. ಮನೆ ಹೋದರೆ ಹೋಗಲಿ, ಈ ಪಾಪ ಬೇಡ ಅನ್ನಿಸಿತು.

"ಇದು ನಿಮ್ಮ ನೀರಲ್ಲ ಸಾರ್!" ಎಂದು ಕೂಗಿದ. "ಇದು ನನ್ನ ಮನೇದು. ಕುದಿಸಿ ಜೀರಿಗೆ ಹಾಕಿದ್ದು. ನಿಮ್ಮ ನೀರನ್ನ ಗಿಡಕ್ಕೆ ಹಾಕ್ಬಿಟ್ಟೆ."

ಜನರ ಕತ್ತೆಲ್ಲ ಸಾಹೇಬರ ಕಡೆ ತಿರುಗಿತು.

"ಯಾಕೆ?" ಎಂದರು ಸಾಹೇಬರು.

"ನಾನು... ನಾನು ಇಲ್ಲಿನ ನೀರು ಕುಡಿಯಲ್ಲ ಸಾರ್. ಬಂದಾಗಿಂದ ಒಂದು ಹನಿ ಕುಡಿದಿಲ್ಲ. ಭಯ."

ಸಾಹೇಬರು ಬೈದಿದ್ದರೂ ಆಗುತ್ತಿತ್ತು. ಬೈಯಲಿಲ್ಲ. "ನಮ್ಮವನೇ ನಂಬಲ್ಲ ಅಂದ್ಮೇಲೆ ಇವರೆಲ್ಲ ಯಾಕಪ್ಪಾ ನಂಬ್ತಾರೆ?" ಎಂದಷ್ಟೇ ಹೇಳಿ, ಜೇಬಿನ ಮೇಲಿದ್ದ ಕೈಯನ್ನು ಕೆಳಗಿಳಿಸಿದರು. ಮಗಳ ಮಂಚ, ಹೆಂಡತಿಯ ಮಿಷನ್ ಎಲ್ಲವೂ ಕುದಿಸಪ್ಪನ ಕಣ್ಣೆದುರೇ ಒಂದೊಂದಾಗಿ ಆ ಮನೆಯಿಂದ ಹೊರಗೆ ಹೋದವು.

"ಸುಳ್ಳು! ಎಲ್ಲಾ ಸುಳ್ಳು!"

ಜನರನ್ನು ಸೀಳಿಕೊಂಡು ದರ್ಜಿ ಓಡಿ ಬಂದ. ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. ಹಿಂದೆಯೇ ಏದುಸಿರು ಬಿಡುತ್ತ ನರ್ಸಕ್ಕ. ಸಮಾರಂಭ ನೋಡಲು ಬಂದಿದ್ದ ಇವರಿಬ್ಬರೂ ಎಲ್ಲವನ್ನೂ ನೋಡಿದ್ದರು.

"ಸಾಹೇಬ್ರೇ, ಅದು ನಿಮ್ಮ ನೀರೇ," ಎಂದ ದರ್ಜಿ. "ನಾನು ಒಂದು ದಿನವೂ ಕುದಿಸಿಲ್ಲ. ಬಿಸಿನೀರಿನ ನಲ್ಲಿ ತಿರುಗಿಸ್ತೀನಿ, ಹುರಿದ ಜೀರಿಗೆ ಪುಡಿ ಒಂದು ಚಿಟಿಕೆ ಹಾಕ್ತೀನಿ, ಶೋಧಿಸ್ತೀನಿ, ಅಷ್ಟೇ. ಬಂದ ದಿನದಿಂದ ಇವನು ಕುಡಿದಿದ್ದು ನಿಮ್ಮ ನೀರೇ!"

"ಲೋ!" ಎಂದ ಕುದಿಸಪ್ಪ.

"ಕ್ಷಮಿಸಣ್ಣಾ. ಇನ್ನೂ ಇದೆ. ಆ ಅಕ್ಕಿ ಊರಿಂದಲ್ಲ. ಊರಿನ ಅಕ್ಕಿ ಯಾವತ್ತೋ ಮುಗೀತು. ನೀನು ಡ್ಯೂಟಿಗೆ ಹೋದಾಗ ಇಲ್ಲಿನ ಸಂತೆಯಿಂದ ತಂದು ಅದೇ ಚೀಲಕ್ಕೆ ಸುರೀತೀನಿ. ತರಕಾರಿ ಇಲ್ಲಿಂದು, ಬೇಳೆ ಇಲ್ಲಿಂದು. ಒಂದು ಚೀಲ ಅಕ್ಕಿ ಇಷ್ಟು ದಿನ ಬರುತ್ತಾ ಅಣ್ಣಾ? ನೀನು ತಿನ್ನೋ ಲೆಕ್ಕಕ್ಕೆ?"

ಸಾಹೇಬರು ಒಂದು ಗಳಿಗೆ ದರ್ಜಿಯನ್ನು, ಒಂದು ಗಳಿಗೆ ಕುದಿಸಪ್ಪನ ಕೆನ್ನೆಯನ್ನು ನೋಡಿದರು. ಆಮೇಲೆ ಆ ಹಳದಿ ಲೋಟವನ್ನು ಅವನ ಕೈಯಿಂದ ತೆಗೆದುಕೊಂಡು, ಎಲ್ಲರೆದುರು ಗಟಗಟನೆ ಕುಡಿದು, ತುಟಿ ಚಪ್ಪರಿಸಿದರು.

"ಇದಕ್ಕಿಂತ ಪರೀಕ್ಷೆ ಬೇಕಾ?" ಎಂದು ಜನರ ಕಡೆ ತಿರುಗಿ ಗರ್ಜಿಸಿದರು. "ನಂಬಿ ಕುಡಿದವನಿಗೆ ಒಳ್ಳೇದಾಗೋದು ದೊಡ್ಡದಲ್ಲ. ನಂಬದೇ ಕುಡಿದವನಿಗೂ ಒಳ್ಳೇದು ಮಾಡಿದೆ ನಮ್ಮ ನೀರು!"

ಚಪ್ಪಾಳೆ ಬಿತ್ತು. ಕೊಡೆಯ ಅಜ್ಜಿ ಎಲ್ಲರಿಗಿಂತ ಮೊದಲು ಒಂದು ಲೋಟ ಎತ್ತಿ ಕುಡಿದರು, ಉಳಿದವರೂ ಕುಡಿದರು. ನರ್ಸಕ್ಕ ಪಕ್ಕದವರಿಗೆ ಬಾಳೆಹಣ್ಣಿನ ಮಹಿಮೆ ವಿವರಿಸತೊಡಗಿದರು. ಸಾಹೇಬರು ಬೀಗದ ಕೈಯನ್ನು ಕುದಿಸಪ್ಪನ ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿದರು. "ನಾಳೆಯಿಂದ ಯಾರೇ ನೋಡೋಕೆ ಬರ್ಲಿ, ಅವರ ಮುಂದೆ ಕುಡಿಯೋದು ನಿನ್ನ ಡ್ಯೂಟಿ. ಜೀರಿಗೆ ಇಲ್ಲದೆ!"

"ತುಂಬಾ ಉಪಕಾರ ಆಯ್ತು ಸಾರ್," ಎನ್ನಬೇಕೆಂದು ಕುದಿಸಪ್ಪ ಬಾಯಿ ತೆರೆದ. ಅಷ್ಟರಲ್ಲಿ ಹೊಟ್ಟೆಯೊಳಗಿಂದ ಗುಡುಗಿತು. ಇಷ್ಟು ದಿನ ಏನೂ ತಿಳಿಯದೆ ತೆಪ್ಪಗಿದ್ದ ಹೊಟ್ಟೆಗೆ ಈಗ ಎಲ್ಲ ವಿಷಯ ತಿಳಿದುಹೋಗಿತ್ತು. ಬೀಗದ ಕೈ ಸಿಕ್ಕ ಮನುಷ್ಯ ಹೊಸ ಮನೆಯ ಬಾಗಿಲನ್ನು ಮೊದಲ ಸಲ ತೆರೆದದ್ದು ಅದರ ಬಚ್ಚಲು ಹುಡುಕಿಕೊಂಡು. ಮಂಚ, ಮಿಷನ್ ಯಾವುದರ ಜಾಗವನ್ನೂ ನೋಡುವ ಸ್ಥಿತಿಯಲ್ಲಿ ಅವನಿರಲಿಲ್ಲ.

ಸಂಜೆ ಕುದಿಸಪ್ಪ ಹಳೆಯ ಮನೆಯ ಮಂಚದ ಮೇಲೆ ಮುದುಡಿ ಮಲಗಿದ್ದ. ಬಂದಾಗಿನಿಂದ ಮೊದಲ ಬಾರಿಗೆ ನಾಳೆ ಕಾಯಿಲೆ ರಜೆ ಬೇಕು ಎಂದು ಸಾಹೇಬರಿಗೆ ಹೇಳಿ ಆಗಿತ್ತು. ಸಾಹೇಬರು "ಹುಷಾರು" ಎಂದಷ್ಟೇ ಹೇಳಿ ಫೋನು ಇಟ್ಟಿದ್ದರು. ನರ್ಸಕ್ಕ ಬಂದು ನಾಡಿ ಹಿಡಿದು, "ಹೊಟ್ಟೇಲಿ ಏನೂ ಇಲ್ಲಪ್ಪಾ, ಎಲ್ಲ ತಲೇಲಿ. ಜೊತೆಗೆ ನನ್ನ ಬಾಳೆಹಣ್ಣು ಒಂದೆರಡು ಜಾಸ್ತಿ ಆಯ್ತು," ಎಂದು ಮೊದಲ ಬಾರಿಗೆ ತಪ್ಪೊಪ್ಪಿಕೊಂಡು, ಒಂದು ಬಟ್ಟಲು ಮೆತ್ತನೆಯ ಗಂಜಿ ಇಟ್ಟು ಹೋದರು.

ದರ್ಜಿ ಮಂಚದ ಕಾಲ ಬಳಿ ತಲೆ ತಗ್ಗಿಸಿ ಕೂತಿದ್ದ.

"ಬೈಯಣ್ಣಾ. ಎರಡೇಟು ಹೊಡೀಬೇಕು ಅನ್ಸಿದ್ರೆ ಹೊಡಿ."

ಕುದಿಸಪ್ಪ ಬೈಯಬೇಕೆಂದೇ ಎದ್ದು ಕೂತ. ಮಂಚದ ಕೆಳಗಿನ ಚೀಲ ಕಣ್ಣಿಗೆ ಬಿತ್ತು. ತನಗೆ ಅನುಮಾನ ಬರಬಾರದೆಂದು ಈ ಹುಡುಗ ಅಕ್ಕಿ ಹೊತ್ತುಕೊಂಡು ಎಷ್ಟು ಸಲ ಮಹಡಿ ಹತ್ತಿರಬೇಕು! ಆಯಾ ಕಾಲದ ತರಕಾರಿ ಹುಡುಕಿ, ಬೇಯಿಸಿ, ಬಡಿಸಿ, 'ಊರಿನ ರುಚಿ ಇದೆಯೇನಣ್ಣಾ' ಎಂದು ಕೇಳುತ್ತಿದ್ದದ್ದು ನೆನಪಾಯಿತು. ತಾನು ಒಂದು ದಿನ ಕಾಯಿಲೆ ಬೀಳದೆ ಇದ್ದದ್ದು ಇವನ ಕೈಯಿಂದ. ಹಾಗೆಯೇ ತನ್ನನ್ನು ಸಾಕಿದ ಈ ಊರಿನ ಮಣ್ಣಿನಿಂದ, ನೀರಿನಿಂದ. ಅಜ್ಜಿಯಿಂದ ಹಿಡಿದು ಸಾಹೇಬರವರೆಗೆ ಯಾರು ತನ್ನನ್ನು ಹೊರಗಿನವನ ಹಾಗೆ ಕಂಡಿದ್ದರು?

"ಬೈಯೋಕೆ ಏನಿದೆಯೋ," ಎಂದ. "ನಿನ್ನ ಋಣ ಹೆಂಗೆ ತೀರಿಸ್ಲೋ ನಾನು?"

ದರ್ಜಿ ಮೂಗು ಒರೆಸಿಕೊಂಡ. "ಹಂಗಾದ್ರೆ ನೀರು ತರ್ಲಾ ಅಣ್ಣಾ?"

"ಅದು ಮಾತ್ರ ಬೇಡ."

ಅಷ್ಟರಲ್ಲಿ ಹೆಂಡತಿಯ ಫೋನು ಬಂತು. ಮನೆ ಸಿಕ್ಕಿತು ಎಂದದ್ದೇ ತಡ, ಆ ಕಡೆಯಿಂದ ಅವಳ ಅಳುವೂ ಮಗಳ ಕಿರುಚಾಟವೂ ಒಟ್ಟಿಗೇ ಕೇಳಿಸಿತು. ಆಮೇಲೆ ಕುದಿಸಪ್ಪ ದಿನದ ಕತೆಯನ್ನೆಲ್ಲ ಹೇಳಿ, ದನಿ ತಗ್ಗಿಸಿ, "ಒಳ್ಳೇ ಹುಡುಗ, ಇಲ್ಲ ಅನ್ನಲ್ಲ. ಆದ್ರೆ ಇನ್ಮೇಲೆ ಇವನ ಕೈ ನೀರು ನಂಬಲ್ಲ ಕಣೇ. ನೀನು ಬೇಗ ಬಾ ಮಾರಾಯ್ತಿ. ನೀನು ಬಂದು ಕುದಿಸಿಕೊಟ್ರೇನೇ ನನಗೆ ಸಮಾಧಾನ," ಎಂದ.

ಆ ಕಡೆಯಿಂದ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕ ಹಾಗೆ ಏನೋ ಕೇಳಿಸಿತು.

"ರೀ, ಅವನನ್ನ ಏನೂ ಅನ್ಬೇಡಿ. ಪಾಪ, ಅವನಿಗೆ ಹೇಳಿಕೊಟ್ಟಿದ್ದು ನಾನೇ."

"ಏನನ್ನ?"

"ಅದೇ, ಹುರಿದ ಜೀರಿಗೇನ."

ಕುದಿಸಪ್ಪ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. "ಅಂದ್ರೆ... ನೀನು?"

"ಮದುವೆಯಾದ ಹೊಸದರಲ್ಲಿ ಹಂಡೆಗಟ್ಟಲೆ ಕುದಿಸ್ತಿದ್ದೆ ರೀ. ಒಂದಿನ ಅತ್ತೆ ಬಂದು ಒಲೆ ಆರಿಸಿದ್ರು. 'ನಮ್ಮ ಬಾವಿ ನೀರಿಗೇನಮ್ಮಾ ಆಗಿದೆ? ಇಡೀ ಬೀದಿ ಇದನ್ನೇ ಕುಡಿಯುತ್ತೆ. ಇವನು ಕಾಮಾಲೆಯಿಂದ ಎದ್ದ ಮೇಲೆ ನೀರು ಕಂಡ್ರೆ ಬಾಯಿ ಮುಚ್ಕೋತಿದ್ದ. ಒಂದಷ್ಟು ದಿನ ನಿಜವಾಗ್ಲೂ ಕುದಿಸಿದೆ. ಆಮೇಲೆ ಜೀರಿಗೆ ಬಣ್ಣ ಬಂದ್ರೆ ಸಾಕು ಅಂತ ಗೊತ್ತಾಯ್ತು. ಕುದಿಸಿದೀನಿ ಕಂದಾ ಅಂದ್ರೆ ಗಟಗಟ ಕುಡೀತಾನೆ. ನೀನೂ ಹಾಗೇ ಮಾಡು, ಅವನಿಗೆ ಹೇಳ್ಬೇಡ' ಅಂದ್ರು."

ಕುದಿಸಪ್ಪನಿಗೆ ರೇಗಬೇಕಿತ್ತು. ಬದಲಿಗೆ, ಮಂಚದ ಅಂಚಿನಲ್ಲಿ ಕೂತು, ಒಂದು ಕೈಯಲ್ಲಿ ತನ್ನ ತಲೆ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಲೋಟ ತುಟಿಗೆ ಹಿಡಿಯುತ್ತಿದ್ದ ಅಮ್ಮ ಕಣ್ಣಮುಂದೆ ಬಂದರು. ಆ ಸುಳ್ಳು ಇಲ್ಲದಿದ್ದರೆ ತಾನು ಬಾಯಾರಿಯೇ ಸಾಯುತ್ತಿದ್ದೆನೇನೋ. ಮೂರು ಜನ, ಒಬ್ಬರಾದ ಮೇಲೊಬ್ಬರು, ತನ್ನ ಭಯವನ್ನು ನೋಯಿಸದೆ ತನ್ನನ್ನು ಬದುಕಿಸಿದ್ದರು. ಇಲ್ಲದ ಅಮ್ಮನಿಗೆ ಕತ್ತಲಾಗುತ್ತಿದ್ದ ಕಿಟಕಿಯ ಕಡೆ ತಿರುಗಿ ಕೈ ಮುಗಿದ. ಹೊಟ್ಟೆಗೆ ಮಾತ್ರ ಇಂಥ ಭಾವನೆಗಳು ಅರ್ಥವಾಗುವುದಿಲ್ಲ. ಬಾವಿಯ ನೀರನ್ನೂ ಸೇರಿಸಿಕೊಂಡು ಅದು ಹೊಸದಾಗಿ ಗುಡುಗಿತು.

"ಹೋಗ್ಲಿ ಬಿಡು, ಆಗಿದ್ದು ಆಗೋಯ್ತು," ಎಂದ ಅವನು ಹೊಟ್ಟೆ ಅದುಮಿಕೊಂಡು. "ಇಲ್ಲಿಗೆ ಬಂದ ಮೇಲಾದ್ರೂ ನಿಜವಾಗ್ಲೂ ಕುದಿಸ್ತೀಯಾ ತಾನೆ?"

"ಅಯ್ಯೋ, ಕುದಿಸದೇ ಇರ್ತೀನಾ? ಚೆನ್ನಾಗಿ ಕೊತಕೊತ ಕುದಿಸೇ ಕೊಡ್ತೀನಿ ರೀ," ಎಂದಳು ಹೆಂಡತಿ.

ಮದುವೆಯಾದಾಗಿನಿಂದ ದಿನಾ ಬೆಳಗ್ಗೆ ಲೋಟವನ್ನು ಕೈಗೆ ಕೊಡುವಾಗ ಅವಳು ಹೇಳುತ್ತಿದ್ದುದೂ ಇದೇ ಮಾತು, ಇದೇ ದನಿಯಲ್ಲಿ.